ಕಾವು ಹುಡುಕುವ ಕೈ

ಮಗಳ ಮದುವೆಗೆಂದು ಮಾತು ಬಂದ ಹುಡುಗ ವಾಯುಪಡೆಯಲ್ಲಿದ್ದಾನೆ ಎಂದು ತಿಳಿದಾಗ ನಮ್ಮ ಅವ್ವನಿಗೆ ಖುಷಿಯಾಗಿತ್ತು. ಅಲ್ಲಿ ಅವನ ಕೆಲಸ ಏನೆಂದು ಕೇಳಿದ ಮೇಲೆ ಆ ಖುಷಿ ಹೋಯಿತು.

"ಯುದ್ಧವಿಮಾನದ ರೆಕ್ಕೆ ಕೆಳಗೆ ಮಿಸೈಲ್ ಕಟ್ಟೋ ಕೆಲ್ಸ ಅಜ್ಜಿ," ಎಂದು ನನ್ನ ಮಗಳೇ ಹೇಳಿಬಿಟ್ಟಳು. "ಬೇರೆ ವಿಮಾನದ ಬಿಸಿ ನೋಡ್ಕೊಂಡು ಅಟ್ಟಿಸ್ಕೊಂಡು ಹೋಗುತ್ತಲ್ಲ, ಅದು."

"ಬಿಸಿ ನೋಡ್ಕೊಂಡು ಹೋಗುತ್ತಾ?" ಅವ್ವ ಹಂಚಿನ ಮೇಲಿನ ಅಕ್ಕಿರೊಟ್ಟಿಯನ್ನು ಮರೆತೇಬಿಟ್ಟಳು. "ಹಂಗಾದ್ರೆ ಪಕ್ಕದಲ್ಲಿ ನಿಂತೋನ ಮೈ ಬಿಸಿ ಇರಲ್ವೇನೇ? ಮೊದ್ಲು ಅವನನ್ನೇ ಹಿಡಿಯುತ್ತೆ. ಬೇಡ ಮಾರಾಯ್ತಿ, ಬೇರೆ ಗಂಡು ನೋಡಾಣ."

ರೊಟ್ಟಿ ಸೀದುಹೋಯಿತು. ಮಗಳು ಅದನ್ನೇ ತಟ್ಟೆಗೆ ಹಾಕಿಕೊಂಡು ತಿನ್ನುತ್ತಾ, "ನೀವು ಬೇಡ ಅಂದ್ರೆ ಬೇಡ ಅಜ್ಜಿ. ಆದ್ರೆ ಬೇರೆ ಯಾರ್ನೂ ನೋಡ್ಬೇಡಿ," ಎಂದಳು. ಅವಳಿಗೆ ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ಕಾರ್ಖಾನೆಯಲ್ಲಿ ಬೀಜದ ಗುಣಮಟ್ಟ ನೋಡುವ ಕೆಲಸ. ಗೆಳತಿಯ ಮದುವೆಯಲ್ಲಿ ಈ ಕಳಸದ ಕಡೆಯ ಹುಡುಗನ ಪರಿಚಯವಾಗಿತ್ತು. ಅವಳ ಮನಸ್ಸು ಆಗಲೇ ಗಟ್ಟಿಯಾಗಿದೆ ಎಂದು ನನಗೂ ನನ್ನ ಹೆಂಡತಿಗೂ ಗೊತ್ತಿತ್ತು. ಆದರೆ ನಮ್ಮ ಮನೆಯಲ್ಲಿ ಅವ್ವ ಹೂಂ ಅನ್ನದೆ ಎಮ್ಮೆ ಕೂಡ ಕೊಂಡವರಿಲ್ಲ.

ಮೂಡಿಗೆರೆಯಲ್ಲಿ ನನ್ನದೊಂದು ಹಾರ್ಡ್‌ವೇರ್ ಅಂಗಡಿ ಇದೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಅಲ್ಲಿಯ ಕಂಪ್ಯೂಟರ್ ಮುಂದೆ ಕೂತು ಆ ಮಿಸೈಲ್ ಬಗ್ಗೆ ಓದತೊಡಗಿದೆ. ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದೇ ಮದುವೆಯಾದ ಮೇಲೆ. ಹಾಗಾಗಿ ಓದುವುದೂ ನಿಧಾನ, ಟೈಪ್ ಮಾಡುವುದೂ ನಿಧಾನ. ಆದರೂ ಒಂದಷ್ಟು ತಿಳಿಯಿತು. ಅದರ ಮೂತಿಯಲ್ಲಿ ಒಂದು ಕಣ್ಣು ಇರುತ್ತದೆ. ನಮಗೆ ಬೆಳಕು ಕಾಣುವ ಹಾಗೆ ಅದಕ್ಕೆ ಶಾಖ ಕಾಣುತ್ತದೆ. ಮೊದಮೊದಲಿನವು ವೈರಿಯ ವಿಮಾನವನ್ನು ಬಿಟ್ಟು ಸೂರ್ಯನ ಕಡೆಗೇ ಹೋಗಿಬಿಡುತ್ತಿದ್ದವಂತೆ! ಇದನ್ನು ಓದಿ ನಾನು ಅಂಗಡಿಯಲ್ಲಿ ಒಬ್ಬನೇ ನಕ್ಕೆ. ಮೊಳೆ ಕೊಳ್ಳಲು ಬಂದವರು ನನ್ನನ್ನೇ ನೋಡಿದರು.

ಮನೆಗೆ ಬಂದು ಅವ್ವನಿಗೆ ಎಲ್ಲ ಹೇಳಿದೆ.

"ನೀನು ಓದಿದ್ದು ನಂಗ್ಯಾಕೆ?" ಎಂದಳು ಅವ್ವ. "ಅದನ್ನ ಮುಟ್ಟೋನು ಅವ್ನು. ಅವ್ನೇ ಬಂದು ಹೇಳ್ಲಿ. ಬೇಕೋ ಬೇಡ್ವೋ ಆಮೇಲೆ."

ಹುಡುಗ ರಜೆಯಲ್ಲಿ ಊರಿಗೆ ಬಂದಾಗ ತನ್ನ ಅಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದ. ನಮ್ಮ ಸಣ್ಣ ತೋಟದಲ್ಲಿ ಕಾಫಿ ಕೊಯ್ಲಿನ ಸಮಯ. ಹಿಂದಿನ ದಿನದಿಂದ ಮೋಡ ಕಟ್ಟಿಕೊಂಡಿದ್ದರಿಂದ ಕಣದಲ್ಲಿ ಹಣ್ಣು ಕಾಫಿಯನ್ನು ಹರಡದೆ, ರಾಶಿ ಮಾಡಿ ಟಾರ್ಪಾಲು ಹೊದಿಸಿಯೇ ಬಿಟ್ಟಿದ್ದೆವು. ಅರೆ ಒಣಗಿದ ಕಾಫಿಯನ್ನು ಹಾಗೆ ಬಿಟ್ಟರೆ ಒಳಗೊಳಗೇ ಕಾವು ಹಿಡಿಯುತ್ತದೆ, ಆಮೇಲೆ ಬೂಷ್ಟು. ಅದಕ್ಕೇ ಆಗಾಗ ರಾಶಿಗೆ ಕೈ ಹಾಕಿ ನೋಡಬೇಕು. ನಮ್ಮಲ್ಲಿ ಆ ಕೆಲಸ ಅವ್ವನದು.

ಉಪ್ಪಿಟ್ಟು, ಕೇಸರಿಬಾತು, ಕಾಫಿ ಎಲ್ಲ ಆಯಿತು. ಅವ್ವ ಹುಡುಗನ ಮುಖವನ್ನೇ ನೋಡುತ್ತಿದ್ದಳು.

"ಏನಪ್ಪಾ, ನಿನ್ ಸಾಮಾನು ಬಿಸಿ ಹುಡುಕುತ್ತಂತೆ. ನಿನ್ನನ್ನ ಯಾಕೆ ಹಿಡಿಯಲ್ಲ ಅದು?"

ಹುಡುಗ ನಗಲಿಲ್ಲ. ಲೋಟ ಕೆಳಗಿಟ್ಟು ನೆಟ್ಟಗೆ ಕೂತ. "ನೆಲದ ಮೇಲೆ ಅದು ಮಲಗಿರುತ್ತೆ ಅಜ್ಜಿ. ಹಾರಕ್ಕೆ ಬಿಡದಂಗೆ ಪಿನ್ನು ಹಾಕಿರ್ತೀವಿ. ನಾವು ಆ ಪಿನ್ನು ತೆಗೆದು, ದೂರ ಸರಿದು, ಕೈಯೆತ್ತಿ ತೋರಿಸಿದ ಮೇಲೇ ವಿಮಾನ ಹೊರಡೋದು. ಪೈಲಟ್ಟು ಮೇಲೆ ಹೋಗಿ ಗುಂಡಿ ಒತ್ತಿದ್ರೇನೇ ಅದು ಹೊರಡುತ್ತೆ."

"ನಿಂಗೆ ಕಾವು ನೋಡಕ್ಕೆ ಬರುತ್ತಾ?"

"ನೋಡ್ತೀನಿ ಅಜ್ಜಿ."

"ಹಂಗಾದ್ರೆ ಏಳು. ಕಣಕ್ಕೆ ಹೋಗಾಣ."

ಹುಡುಗನ ಅಪ್ಪ ನನ್ನ ಕಡೆ ನೋಡಿದರು. ಎಲ್ಲರೂ ಎದ್ದೆವು. ಅವ್ವ ಮಾತ್ರ ನಮಗಿಂತ ಮುಂಚೆ ಸರಸರ ನಡೆದು ಕಣ ಸೇರಿದ್ದಳು. ನಾವು ಹೋಗುವಷ್ಟರಲ್ಲಿ ರಾಶಿಯ ಪಕ್ಕ ಸೆರಗು ಸರಿಮಾಡಿಕೊಂಡು ನಿಂತಿದ್ದಳು.

"ಟಾರ್ಪಾಲು ತೆಗೀಬಾರ್ದು. ಮೇಲಿಂದಾನೇ ಮುಟ್ಟಿ ಹೇಳು, ಒಳಗೆ ಕಾವು ಎಲ್ಲಿದೆ ಅಂತ."

ಹುಡುಗ ಒಂದು ಚೊಂಬು ತಣ್ಣೀರು ಕೇಳಿದ. ಮಗಳು ಓಡಿಹೋಗಿ ತಂದಳು. ಅವನು ಎರಡೂ ಕೈ ತೊಳೆದು ಕರವಸ್ತ್ರದಲ್ಲಿ ಒರೆಸಿಕೊಂಡ.

"ಕೈ ಯಾಕೆ ತೊಳ್ದೆ?"

"ನನ್ ಕೈಯೇ ಬಿಸಿ ಇದ್ರೆ ರಾಶಿ ಬಿಸಿ ಗೊತ್ತಾಗಲ್ಲ ಅಜ್ಜಿ. ಮಿಸೈಲ್ ಕಣ್ಣನ್ನೂ ಹಂಗೇ ತಣ್ಣಗೆ ಮಾಡ್ತಾರೆ. ಇಲ್ದಿದ್ರೆ ಅದಕ್ಕೆ ತನ್ನ ಬಿಸೀನೇ ಅಡ್ಡ ಬರುತ್ತೆ."

ಅವ್ವನ ಹುಬ್ಬು ಮೇಲೇರಿದ್ದನ್ನು ನಾನು ನೋಡಿದೆ. ರಾಶಿಗೆ ಕೈ ಹಾಕುವ ಮೊದಲು ಅವಳೂ ತಣ್ಣೀರಲ್ಲಿ ಕೈ ಅದ್ದುತ್ತಾಳೆ. ಮಗಳು ನನ್ನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು.

ಹುಡುಗ ಬಿಳಿ ಅಂಗಿಯ ತೋಳು ಮಡಚಿ, ರಾಶಿಯ ಸುತ್ತ ಮೆಲ್ಲಗೆ ಕೈಯಾಡಿಸುತ್ತಾ ಬಂದ. ಹಲಸಿನ ಮರದ ಕಡೆಯ ಮೂಲೆಯಲ್ಲಿ ನಿಂತ. ಅಂಗೈ ಒತ್ತಿ, ತೆಗೆದು, ಮತ್ತೆ ಒತ್ತಿದ.

"ಇಲ್ಲೇ ಅಜ್ಜಿ. ಚೆನ್ನಾಗಿ ಕಾದಿದೆ."

"ಖಂಡಿತ?"

"ಖಂಡಿತ."

"ಹಂಗಾದ್ರೆ ಈಗ ಟಾರ್ಪಾಲು ತೆಗೆದು ಕೈ ಹಾಕು."

ಅವನು ಮೊಣಕೈವರೆಗೂ ಕೈ ಹಾಕಿದ. ಮುಖ ಪೆಚ್ಚಾಯಿತು. "ತಣ್ಣಗಿದೆಯಲ್ಲ!"

ಆಗ ಹಲಸಿನ ಮರದ ಹಿಂದಿನಿಂದ ನಮ್ಮ ನಾಯಿ ಬಂತು. ಮೈ ಮುರಿದು ಆಕಳಿಸಿ, ಅದೇ ಜಾಗಕ್ಕೆ ಹತ್ತಿ ಸುರುಳಿ ಸುತ್ತಿಕೊಂಡು ಮಲಗಿತು. ಮಧ್ಯಾಹ್ನದಿಂದ ಅಲ್ಲೇ ಮಲಗಿದ್ದ ಅದನ್ನು ಅವ್ವ ನಮಗಿಂತ ಮುಂಚೆ ಬಂದು ಎಬ್ಬಿಸಿ ಓಡಿಸಿದ್ದಳು!

ಮಗಳ ಉಗುರು ನನ್ನ ತೋಳಿಗೆ ಚುಚ್ಚಿತು. ಹುಡುಗ ನಾಯಿಯನ್ನು ನೋಡಿದ, ಅವ್ವನನ್ನು ನೋಡಿದ. ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಅಯ್ಯೋ ಅಜ್ಜೀ, ನೀವು ಫ್ಲೇರ್ ಬಿಟ್ಬಿಟ್ರಿ!"

"ಅದೇನೋ ಅದು?"

"ಮಿಸೈಲ್ ಅಟ್ಟಿಸ್ಕೊಂಡು ಬಂದಾಗ ವಿಮಾನದೋರು ಉರಿಯೋ ಉಂಡೆ ಬಿಡ್ತಾರೆ. ಅದೇ ವಿಮಾನ ಅಂದ್ಕೊಂಡು ಹಳೇ ಮಿಸೈಲ್ ಆ ಉಂಡೆ ಹಿಂದೇನೇ ಹೋಗುತ್ತೆ. ನಾನೂ ಹಂಗೇ ನಿಮ್ ನಾಯಿ ಹಿಂದೆ ಹೋದೆ!"

"ಹೊಸಾದು ಹೋಗಲ್ವಾ?"

"ಹೊಸಾದು ಬಿಸಿ ಒಂದೇ ನೋಡಲ್ಲ ಅಜ್ಜಿ, ಆಕಾರನೂ ನೋಡುತ್ತೆ. ಉಂಡೆ ಯಾವ್ದು, ವಿಮಾನ ಯಾವ್ದು ಅಂತ ಅದಕ್ಕೆ ಗೊತ್ತಾಗುತ್ತೆ. ನಂಗೆ ಗೊತ್ತಾಗ್ಲಿಲ್ಲ. ನೀವೇ ಹೇಳಿ, ಹಸಿ ಹಣ್ಣು ಕೊನೇಗೆ ಸುರಿದಿದ್ದು ಯಾವ ಕಡೆ?"

ಅವ್ವ ಬೆರಳು ತೋರಿಸಿದಳು. ಅವನು ಅಲ್ಲಿಗೆ ಹೋಗಿ ಕೈ ಹಾಕಿದವನೇ, "ಅಬ್ಬಾ, ಜ್ವರ ಬಂದಂಗಿದೆ!" ಎಂದ. ಅವ್ವ ಅವನ ಪಕ್ಕದಲ್ಲೇ ತನ್ನ ಕೈಯನ್ನೂ ತೂರಿಸಿದಳು. ಇಬ್ಬರೂ ಹಾಗೇ ರಾಶಿಯೊಳಗೆ ಕೈಯಿಟ್ಟುಕೊಂಡು ನಿಂತರು.

"ನೋಡೋ," ಎಂದಳು ಅವ್ವ ನನ್ನ ಕಡೆ ತಿರುಗಿ. "ಮೋಸ ಹೋದೆ ಅಂತ ನಗ್ತಾ ಒಪ್ಕೊಂಡ. ಗೊತ್ತಿಲ್ದೇ ಇದ್ದಿದ್ದನ್ನ ಬಾಯ್ಬಿಟ್ಟು ಕೇಳ್ದ. ಎಲ್ಲ ಗೊತ್ತು ಅನ್ನೋ ಜಂಬದೋನು ಅಂಥ ಸಾಮಾನು ಮುಟ್ಟಿದ್ರೆ ಹೆದರ್ಬೇಕು. ಇವ್ನು ಮುಟ್ಲಿ."

"ಅಂದ್ರೆ ಅವ್ವಾ?"

"ಅಂದ್ರೆ ಏನು ಅಂದ್ರೆ? ಕೊಯ್ಲು ಮುಗೀಲಿ, ಮದ್ವೆ ಇಟ್ಕೊಳ್ಳಿ. ಈಗ ಈ ರಾಶಿ ಹರಡ್ರೋ, ಮಳೆ ಬಂದ್ರೆ ಮತ್ತೆ ಮುಚ್ಚಾಣ. ಇಲ್ದಿದ್ರೆ ಕಾಫಿ ಹಾಳಾಗುತ್ತೆ!"

ಮಗಳು ಅಲ್ಲೇ ಕುಣಿದುಬಿಟ್ಟಳು. ಹೆಣ್ಣು ನೋಡಲು ಬಂದ ಹುಡುಗ ಬಿಳಿ ಅಂಗಿಯಲ್ಲೇ ಕಣಕ್ಕಿಳಿದ. ಅವನ ಅಪ್ಪನೂ ಪಂಚೆ ಎತ್ತಿ ಕಟ್ಟಿದರು. ಎಲ್ಲರೂ ಸೇರಿ ಕತ್ತಲಾಗುವ ಮೊದಲೇ ಕಾಫಿ ಹರಡಿ ಮುಗಿಸಿದೆವು. ಮಲಗಲು ಜಾಗವಿಲ್ಲದ ನಾಯಿ ಎಲ್ಲರ ಕಾಲಿಗೂ ಸಿಕ್ಕಿಕೊಳ್ಳುತ್ತಿತ್ತು.

ಈಗ ಅವರು ದೂರದ ಊರಲ್ಲಿದ್ದಾರೆ. ಅಳಿಯ ಫೋನ್ ಮಾಡಿದಾಗಲೆಲ್ಲ ಅವ್ವ ಮೊದಲು ಮೊಮ್ಮಗಳನ್ನು ವಿಚಾರಿಸುವುದಿಲ್ಲ.

"ಏನಪ್ಪಾ, ನಿನ್ ಸಾಮಾನಿನ ಕಣ್ಣು ತಣ್ಣಗಿದ್ಯಾ?" ಎಂದು ಕೇಳುತ್ತಾಳೆ.

"ತಣ್ಣಗಿದೆ ಅಜ್ಜಿ. ನಿಮ್ ಫ್ಲೇರ್ ಹೆಂಗಿದೆ?"

ಅವ್ವ ಫೋನನ್ನು ನಾಯಿಯ ಮೂತಿಗೆ ಹಿಡಿಯುತ್ತಾಳೆ.