ಕಡ್ಡಿಗೆ ಹಚ್ಚಿದ ವಿಭೂತಿ

ನಮ್ಮ ಯಜಮಾನರು ತೀರಿಕೊಂಡ ಮೇಲೆ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಮರಳೂರಿನ ಮನೆಯಿಂದ ಶಿರಾ ಗೇಟಿನ ಅವರ ಲೇತ್ ಅಂಗಡಿಗೆ ಹೋಗುವುದು, ಬೀಗ ತೆಗೆಯುವುದು, ಮತ್ತೆ ಹಾಕಿ ಬರುವುದು. ಶಿವಗಣಾರಾಧನೆ ಮುಗಿದ ಮಾರನೆಯ ದಿನ ಅಂಗಡಿ ಗುಡಿಸಿ, ಅವರು ಮುಟ್ಟಿದ್ದಕ್ಕೆಲ್ಲ ವಿಭೂತಿ ಹಚ್ಚಿದೆ. ಲೇತಿಗೆ, ಸ್ಪ್ಯಾನರಿಗೆ, ಕೊನೆಗೆ ಕಾಗದದಲ್ಲಿ ಸುತ್ತಿಟ್ಟಿದ್ದ ನಾಲ್ಕು ಸಣ್ಣ ಸ್ಟೀಲ್ ಕಡ್ಡಿಗಳಿಗೂ.

ಹಚ್ಚಿದ ಮೇಲೆ ನೆನಪಾಯಿತು. ಅವು ಬೆಂಗಳೂರಿನ ಒಂದು ಲ್ಯಾಬಿಗೆಂದು ಅವರು ಮಾಡಿದ ಕೊನೆಯ ಕೆಲಸ. "ಮುಟ್ಟಬ್ಯಾಡ ಕಣೇ, ನಿನ್ ಒಗ್ಗರಣೆ ಜಿಡ್ಡು ಅದಕ್ಕಾಗಲ್ಲ" ಎಂದು ನಕ್ಕಿದ್ದರು.

ಕಡ್ಡಿ ಒಯ್ಯಲು ಲ್ಯಾಬಿನಿಂದ ಗುಬ್ಬಿ ಕಡೆಯ ಹುಡುಗಿಯೊಬ್ಬಳು ಬಂದಳು. ನಡೆದದ್ದು ಹೇಳಿದೆ.

"ಬೂದಿ ತೊಳೆದ್ರೆ ಹೋಗುತ್ತೆ ಅಕ್ಕ. ಗೀರು ಬಿದ್ದಿದ್ರೆ ಮಾತ್ರ ಕೆಲಸಕ್ಕೆ ಬರಲ್ಲ."

ಕೈಗವಸು ಹಾಕಿ, ಬಾಗಿಲ ಬೆಳಕಿಗೆ ಹಿಡಿದು, ಭೂತಗನ್ನಡಿಯಲ್ಲಿ ಒಂದೊಂದನ್ನೇ ನೋಡತೊಡಗಿದಳು. ಗೀರಿದ್ದರೆ ಅವು ಗುಜರಿಗೆ. ಮತ್ತೆ ಮಾಡಿಕೊಡಲು ಅವರಿಲ್ಲ. ನಾನು ಹೊರಗೆ ಹೋದೆ, ಒಳಗೆ ಬಂದೆ, ಮತ್ತೆ ಹೋದೆ.

"ಕೂತ್ಕೊಳಿ ಅಕ್ಕ. ನೀವು ಓಡಾಡಿದ್ರೆ ಬೆಳಕಿಗೆ ಅಡ್ಡ ಆಗುತ್ತೆ."

"ಇದ್ರಲ್ಲಿ ಏನು ಇಡ್ತೀರಮ್ಮ?"

"ಒಂದೇ ಒಂದು ಅಯಾನು. ಎಲೆಕ್ಟ್ರಾನ್ ಕಳಕೊಂಡಿರೋ ಪರಮಾಣು. ಗಾಳಿಯೆಲ್ಲ ತೆಗೆದು, ಈ ನಾಲ್ಕರ ಮಧ್ಯೆ ಯಾವುದಕ್ಕೂ ತಾಗದಂಗೆ ಹಿಡಿದಿಡ್ತೀವಿ. ಕರೆಂಟು ಆ ಕಡೆ ಈ ಕಡೆ ತಳ್ತಾನೇ ಇರುತ್ತೆ, ತಪ್ಪಿಸ್ಕೊಳ್ಳಕ್ಕೆ ಬಿಡಲ್ಲ. ಲೇಸರ್ ಬಿಟ್ಟು ತಣ್ಣಗೆ ಮಾಡಿದ್ರೆ ಆಮೇಲೆ ನಾವು ಹೇಳಿದಂಗೆ ಕೇಳುತ್ತೆ. ಹೊಸ ಥರದ ಕಂಪ್ಯೂಟರಿಗೆ."

ನಾಲ್ಕನೆಯದನ್ನೂ ಕೆಳಗಿಟ್ಟಳು. "ಗೀರಿಲ್ಲ. ಮೆಲ್ಲಗೆ ಹಚ್ಚಿದೀರಿ."

"ತೊಳೆದ್ರೆ ಅವರ ಬೆರಳಿನ ಗುರುತೂ ಹೋಗುತ್ತಾ?"

ಅವಳು ನನ್ನನ್ನೇ ನೋಡಿದಳು. "ಹೋಗ್ಲೇಬೇಕು ಅಕ್ಕ."

ಕೆಲವು ತಿಂಗಳ ಮೇಲೆ, ಕುಣಿಗಲ್ಲಿನ ನಾದಿನಿಯ ಮನೆಯಲ್ಲಿದ್ದಾಗ, ಮೊಬೈಲಿಗೆ ಆ ಹುಡುಗಿಯಿಂದ ಒಂದು ಫೋಟೊ ಬಂತು. ಕಪ್ಪು, ನಡುವೆ ಒಂದು ಚುಕ್ಕೆ, ಅದೇ ಅವರು ಹಿಡಿದಿಟ್ಟ ಅಯಾನು. ಅಂದಿನಿಂದ ಬೆಳಗಾದರೆ "ಇದೆಯಾ?" ಎಂದು ಮೆಸೇಜು ಹಾಕುವುದು ಅಭ್ಯಾಸವಾಯಿತು. "ಇದೆ ಅಕ್ಕ" ಎನ್ನುತ್ತಿದ್ದಳು.

ಒಂದು ಬೆಳಗ್ಗೆ ಬೇರೆ ಉತ್ತರ ಬಂತು. "ನಿನ್ನೆ ಹೋಯ್ತು ಅಕ್ಕ. ಎಷ್ಟು ಗಾಳಿ ತೆಗೆದ್ರೂ ಚೂರು ಉಳಿದಿರುತ್ತೆ, ಅದು ಬಡಿದ್ರೆ ಹೋಗ್ಬಿಡುತ್ತೆ. ಇವತ್ತು ಬೇರೇದು ಹಿಡಿದ್ವಿ."

ಬೇರೇದು. ಅಂಗಳಕ್ಕೆ ಹೋದೆ, ಒಳಗೆ ಬಂದೆ. ಕೊನೆಗೆ ಬರೆದೆ:

"ಕಡ್ಡಿಗಳು ಅವೇ ತಾನೆ?"

"ಅವೇ ಅಕ್ಕ."