ತಲೆಯಾಡಿಸಬೇಡ ಎಂದವರು

ಮೊಮ್ಮಕ್ಕಳೇ, ಎಸ್ತೇರ, ದಾವೀದ, ಕೇಳಿ. ನಾನು ಹೇಳಹೊರಟವರ ಬಲಗೈಯ ಎರಡು ಬೆರಳುಗಳು ತಿದ್ದುವ ಪೆನ್ನಿನ ಶಾಯಿಯಿಂದ ಸದಾ ಕೆಂಪಗಿರುತ್ತಿದ್ದವು. ಡಬ್ಬಿಯ ರೊಟ್ಟಿಗೂ ಆ ಶಾಯಿ ಹತ್ತುತ್ತಿತ್ತು; ಹಾಗೇ ತಿನ್ನುತ್ತಿದ್ದರು.

ಅವರು ಬೀದರಿನ ವಿಶ್ವವಿದ್ಯಾಲಯದಲ್ಲಿ ಸಂಪಾದಕಿ. ವಿಜ್ಞಾನಿಗಳು ಬರೆದದ್ದನ್ನು ರೈತರಿಗೆ ತಿಳಿಯುವ ಕನ್ನಡಕ್ಕೆ ತಂದು ಕರಪತ್ರ ಮಾಡಿಸುವುದು ಅವರ ಕೆಲಸ. ನಿಮ್ಮ ಅಜ್ಜ ತೀರಿಕೊಂಡ ಮೇಲೆ ನಾನು ಅವರ ಕೋಣೆಯಲ್ಲಿ ಕಸ ಹೊಡೆದು ಚಹಾ ಕೊಡುವ ಕೆಲಸಕ್ಕೆ ಸೇರಿದೆ. ದಿನವೂ ಭಾಲ್ಕಿಯಿಂದ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಸಂತಪುರದಲ್ಲಿ ಏಳನೆಯ ತರಗತಿಯವರೆಗೆ ಓದಿದವಳು. ಯಾರಾದರೂ ಮಾತಾಡಿಸಿದರೆ ಸೆರಗಿನ ತುದಿ ತಿರುವುತ್ತಾ ನಿಲ್ಲುತ್ತಿದ್ದೆ.

ಅಚ್ಚಿಗೆ ಕಳಿಸುವ ಮೊದಲು ಅವರು ಪ್ರತಿ ಕರಪತ್ರವನ್ನೂ ನನಗೆ ಓದಿ ಹೇಳುತ್ತಿದ್ದರು. “ಕೂಡು ತಂಗಿ. ನಿನಗ ತಿಳೀಲಿಲ್ಲಂದ್ರ ಔರಾದಿನ ರೈತಗ ಹ್ಯಾಂಗ ತಿಳೀತದ?” ನಾನು ತಲೆಯಾಡಿಸುತ್ತಿದ್ದೆ, ತಿಳಿದರೂ ತಿಳಿಯದಿದ್ದರೂ.

ಒಮ್ಮೆ ಮೇವಿನ ಜೋಳದ ಕರಪತ್ರ ಬಂತು. ಎಳೆಯ ಜೋಳದಲ್ಲಿ ವಿಷವಿರುತ್ತದೆ, ಹೂವಾಗುವವರೆಗೆ ದನಕ್ಕೆ ಹಾಕಬೇಡಿ ಎಂದಿತ್ತು. ಕೊಯ್ದ ಮೇಲೆ ಬುಡದಿಂದ ಒಡೆಯುವ ಚಿಗುರಿನ ಮಾತೇ ಇರಲಿಲ್ಲ. ನನ್ನ ತವರಿನ ಎಮ್ಮೆ ಆ ಚಿಗುರು ತಿಂದೇ ಹೊಲದಲ್ಲಿ ಬಿದ್ದು ಸತ್ತಿತ್ತು. ಮಾತು ಬಾಯಿಗೆ ಬಂತು. ಆದರೆ ಅದನ್ನು ಬರೆದ ಪ್ರೊಫೆಸರರು ಎದುರಿಗೇ ಕೂತು ಬೇರೆ ಯಾವುದೋ ಕಾಗದ ನೋಡುತ್ತಿದ್ದರು. ತಲೆಯಾಡಿಸಿಬಿಟ್ಟೆ.

ಅಚ್ಚಾದ ಕಟ್ಟುಗಳು ಬಂದವು. ಠಾಣಾ ಕುಶನೂರಿಗೆ ಹೋಗುವ ಕಟ್ಟಿಗೆ ಸುತಳಿ ಬಿಗಿಯುವಾಗ ನನ್ನ ಕೈ ಓಡಲಿಲ್ಲ.

“ಮೇಡಂರಿ, ಕೊಯ್ದ ಮ್ಯಾಲ ಚಿಗೀತದಲ್ರಿ, ಅದೂ ವಿಷಾನೇರಿ. ನಮ್ಮ ಎಮ್ಮಿ ಸತ್ತಾದ್ರಿ.”

“ಓದಿದಾಗ ಯಾಕ ಹೇಳಲಿಲ್ಲ?”

“ಸಾಹೇಬ್ರು ಕುಂತಿದ್ರಲ್ರಿ.”

“ಮೇವು ಸಾಹೇಬ್ರು ತಿಂತಾರೇನ? ಎಮ್ಮಿ ತಿಂತದ!”

ಕೂಡಲೇ ಪ್ರೊಫೆಸರರನ್ನು ಕರೆಸಿದರು. ಅವರು ತಮ್ಮ ಮೂಲ ಬರಹ ತಂದು ತೋರಿಸಿದರು. ಚಿಗುರಿನ ಮಾತು ಅದರಲ್ಲಿತ್ತು; ಅದರ ಮೇಲೆ ಕೆಂಪು ಗೆರೆ ಎಳೆದಿತ್ತು. ಪುಟ ಸಾಲದೆಂದು ಹೊಡೆದುಹಾಕಿದವರು ಸಂಪಾದಕಿಯವರೇ.

ನಾನು ನೆಲ ನೋಡುತ್ತಾ ನಿಂತೆ. ಮೇಡಂ ಆ ಗೆರೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. “ತಪ್ಪು ನಂದ ಅದರಿ ಸಾಹೇಬ್ರ. ಈಕಿ ಹೇಳಿರಲಿಲ್ಲಂದ್ರ ಎಷ್ಟು ದನ ಹೋಗ್ತಿದ್ವೋ” ಎಂದರು. ಆಮೇಲೆ ನನ್ನ ಕಡೆಗೆ ಒಂದು ಕೆಂಪು ಪೆನ್ನು ಚಾಚಿದರು. “ಬರಿ.”

“ನನ್ನ ಅಕ್ಷರ ಚಂದಿಲ್ರೀ.”

“ಮಾತು ಖರೇ ಅದ, ಅಷ್ಟ ಸಾಕು.”

ಮೂರು ದಿನ ಇಬ್ಬರೂ ಕೂತು ಒಂದೊಂದು ಕರಪತ್ರದ ಕೆಳಗೂ ಚಿಗುರಿನ ಆ ಒಂದು ಸಾಲು ಬರೆದೆವು. ಅಲ್ಲಿಂದಾಚೆ ನಾನು ತಲೆಯಾಡಿಸಿದರೆ ಅವರು ಒಪ್ಪಲಿಲ್ಲ. “ತಲಿ ಅಲ್ಲಾಡಿಸಬ್ಯಾಡ ತಂಗಿ. ನಾ ಏನ ಓದಿದೆ, ನಿನ್ನ ಮಾತಿನಾಗ ಹೇಳು.” ಹೇಳುತ್ತಾ ಹೇಳುತ್ತಾ ನನಗೆ ಬಾಯಿ ಬಂತು, ಬರೆಯುವ ಧೈರ್ಯವೂ ಬಂತು.

ಹೋದ ವರ್ಷ ಅವರು ತೀರಿಕೊಂಡರು. ಮಣ್ಣಿಗೆ ಹೋದಾಗ ಯಾರೋ ನನ್ನನ್ನು, “ನೀವು ಅವರಿಗೇನಾಗಬೇಕ್ರಿ?” ಎಂದು ಕೇಳಿದರು. ತಲೆ ತಗ್ಗಿಸಲಿಲ್ಲ. “ಅವರು ಬರೆದದ್ದನ್ನ ಮೊದಲ ಕೇಳಾಕಿ ನಾನರಿ” ಎಂದೆ.

ಮಕ್ಕಳೇ, ಇದನ್ನು ಬರೆದಿರುವುದು ಅವರು ಕೊಟ್ಟ ಹಳೆಯ ಕರಡು ಹಾಳೆಗಳ ಹಿಂಬದಿಯಲ್ಲಿ. ತಿರುವಿ ನೋಡಿದರೆ ಅವರ ಕೆಂಪು ಗೆರೆಗಳಿವೆ. ನನ್ನ ಬದಿಯೊಂದನ್ನೇ ಅಲ್ಲ, ಆ ಬದಿಯನ್ನೂ ಜೋಪಾನವಾಗಿಡಿ.