ಒಂದು ಕೊಂಬಿನ ಸಲುವಾಗಿ

ಎರಡು ವರ್ಷದ ಹಿಂದಿನ ಮಾತು. ಸಕ್ಕರೆ ಕಾರ್ಖಾನೆಗಳ ಆ ವರ್ಷದ ಹಂಗಾಮು ಆಗಷ್ಟೇ ಶುರುವಾಗಿತ್ತು. ಚಿಕ್ಕೋಡಿಯಿಂದ ಅಥಣಿಯವರೆಗೆ ಯಾವ ರಸ್ತೆ ಹಿಡಿದರೂ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಳ್ಳುವ ದಿನಗಳು.

ಚಿಕ್ಕೋಡಿಯಲ್ಲಿ ಒಂದು ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ನಾನೂ ಪದ್ಮರಾಜನೂ ಮೊಬೈಲ್ ಆ್ಯಪ್ ಮಾಡಿಕೊಡುವ ಕೆಲಸ ಮಾಡುತ್ತೇವೆ. ಪದ್ಮರಾಜ ಉಗಾರ ಬುದ್ರುಕದವನು, ನನಗಿಂತ ಚಿಕ್ಕವನು, ನನ್ನನ್ನು ಅಕ್ಕಾ ಎನ್ನುತ್ತಾನೆ. ಆ ವರ್ಷ ಒಂದು ಸೇವಾ ಸಂಸ್ಥೆಗಾಗಿ ಆರೋಗ್ಯದ ಆ್ಯಪ್ ಮಾಡಿದ್ದೆವು. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದು ತಾಲೂಕಿನಲ್ಲಿ ಯಾವ ದವಾಖಾನೆಯಲ್ಲಿ ಈಗ ಡಾಕ್ಟರ್ ಇದ್ದಾರೆ, ಹಾವಿನ ವಿಷಕ್ಕೆ ಇಂಜೆಕ್ಷನ್ ಎಲ್ಲಿದೆ, ಹೆರಿಗೆ ಎಲ್ಲಿ ಮಾಡಿಸುತ್ತಾರೆ ಎಂದು ಜನ ತಾವೇ ಬರೆದು ಹುಡುಕಬಹುದಿತ್ತು.

ಆ ಹುಡುಕಾಟದ ಯಂತ್ರ ಯಾವುದಿರಬೇಕು ಎಂಬುದರ ಮೇಲೆ ನಮ್ಮಿಬ್ಬರಲ್ಲಿ ಒಂದು ವಾರ ವಾದ ನಡೆಯಿತು. ಒಂದು, ದೊಡ್ಡ ಕಂಪನಿಯದು. ನಮ್ಮ ಪಟ್ಟಿಯನ್ನು ಅವರಿಗೆ ಕೊಟ್ಟರೆ ಸಾಕು, ಅವರ ಕಂಪ್ಯೂಟರೇ ಹುಡುಕಿ ಉತ್ತರ ಕಳಿಸುತ್ತದೆ. ಆದರೆ ಒಳಗೆ ಅದು ಹೇಗೆ ಹುಡುಕುತ್ತದೆ ಎಂಬುದು ನಮಗೆ ಕಾಣುವುದಿಲ್ಲ. ಇನ್ನೊಂದು ಓಪನ್ ಸೋರ್ಸ್. ಅದರ ಕೋಡ್ ಎಲ್ಲರಿಗೂ ತೆರೆದಿರುತ್ತದೆ, ಬೇಕಾದ ಹಾಗೆ ತಿದ್ದಿಕೊಳ್ಳಬಹುದು. ಆದರೆ ಅದನ್ನು ನಮ್ಮ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ನಾವೇ ಜೋಪಾನ ಮಾಡಬೇಕು.

"ಅಕ್ಕಾ, ನಮ್ಮ ಮಂದಿ ಬರಿಯೂ ಕನ್ನಡಾ ಬ್ಯಾರೇ ಐತಿ. ಓಪನ್ ಇದ್ದದ್ದ ತಗೊಂಡ್ರ ನಾವ ಒಳಗ ಕೈ ಹಾಕಿ ತಿದ್ದಬಹುದು," ಎಂದ ಪದ್ಮರಾಜ.

"ತಿದ್ದಾಕ ಟೈಮ್ ಯಾರಿಗೈತಿ? ನಡಬರಕ ಅದು ಬಂದ್ ಬಿದ್ರ ನೋಡಾವ್ರ್ಯಾರು?" ಎಂದೆ ನಾನು.

ನನ್ನ ಮಾತಿನಲ್ಲೂ ಹುರುಳಿಲ್ಲದೆ ಇರಲಿಲ್ಲ. ಇದ್ದವರು ನಾವಿಬ್ಬರೇ. ಕಂಪನಿಯದನ್ನು ಪರೀಕ್ಷೆ ಮಾಡಿದಾಗ ಇಂಗ್ಲಿಷಿನಲ್ಲಿ ಒಂದಕ್ಷರ ತಪ್ಪು ಒತ್ತಿದರೂ ಅಥಣಿ ಬಂತು. ‘ಹಾವು ಕಡಿತ’ ಎಂದು ಬರೆದರೆ ದವಾಖಾನೆಗಳ ಸಾಲೇ ಬಂತು. ನಾನು ಅದನ್ನೇ ಆರಿಸಿದೆ. ಪದ್ಮರಾಜ ಮತ್ತೆ ವಾದಿಸಲಿಲ್ಲ.

ಆ್ಯಪ್ ಹೊರಬಂದು ಮೂರು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಅಥಣಿ ತಾಲೂಕಿನ ಸತ್ತಿ ಎಂಬ ಊರಿನಿಂದ ಆಶಾ ಕಾರ್ಯಕರ್ತೆ ಮಹಾದೇವಿ ಫೋನ್ ಮಾಡಿದರು. ಆ ಊರಿನ ಹೆಣ್ಣುಮಕ್ಕಳ ಮೊಬೈಲಿಗೆ ನಮ್ಮ ಆ್ಯಪ್ ಹಾಕಿಕೊಟ್ಟವರು ಅವರೇ.

"ಮೇಡಮ್ಮಾರ, ಗೌರವ್ವ ಹೋಗಿಬಿಟ್ಲರಿ. ಕಬ್ಬಿನ ಹೊಲದಾಗ ಹಾವ ಕಡದಿತ್ತು. ಸೊಸಿ ನಿಮ್ಮ ಆ್ಯಪ್‌ದಾಗ ಹುಡಿಕ್ಯಾಳ, ಏನೂ ಬರಲಿಲ್ಲಂತ್ರಿ."

ನಡೆದದ್ದನ್ನು ಅವರು ತಡೆತಡೆದು ಹೇಳಿದರು. ಗೌರವ್ವ ಬೆಳಿಗ್ಗೆ ದನಗಳಿಗೆ ಮೇವು ತರಲು ಹೊಲಕ್ಕೆ ಹೋಗಿದ್ದಳು. ಹಾವು ಕಚ್ಚಿದ ಮೇಲೆ ಮನೆಗೆ ನಡೆದೇ ಬಂದಳು. ಮಗ ಕಬ್ಬು ಹೇರಿಕೊಂಡು ಕಾರ್ಖಾನೆಗೆ ಹೋಗಿದ್ದ. ಗಂಡ ಮಲಗೌಡರು ಪಕ್ಕದ ಊರಿನಲ್ಲಿ ಬೇರು ತೇಯ್ದು ಕೊಡುವವನ ಹತ್ತಿರ ಒಯ್ಯೋಣ ಎಂದರು. ಸೊಸೆ ರಾಜಶ್ರೀ ಒಬ್ಬಳೇ ಅಡ್ಡ ನಿಂತಳು. "ತಡ್ರಿ ಮಾಮಾರ, ಇಂಜೆಕ್ಷನ್ ಎಲ್ಲೈತಿ ಮೊಬೈಲ್‌ದಾಗ ನೋಡತೇನು," ಎಂದು ಬರೆದಳು. ‘ಏನೂ ಸಿಗಲಿಲ್ಲ’ ಎಂದು ಬಂತು. ಮತ್ತೆ ಬರೆದಳು. ಮತ್ತೆ ಅದೇ. ಆಮೇಲೆ ಅವಳ ಮಾತು ಯಾರೂ ಕೇಳಲಿಲ್ಲ. ಬೇರಿನ ಔಷಧ ಕುಡಿಸಿ, ಗೌರವ್ವನ ರೆಪ್ಪೆ ಮುಚ್ಚತೊಡಗಿದ ಮೇಲೆ ಜೀಪು ಮಾಡಿಕೊಂಡು ಅಥಣಿಯ ಕಡೆ ಹೊರಟರು. ದಾರಿಯಲ್ಲೇ ಉಸಿರು ನಿಂತಿತು.

ಇಂಜೆಕ್ಷನ್ ಇದ್ದ ದವಾಖಾನೆ ಅವರ ಮನೆಯಿಂದ ಅರ್ಧ ತಾಸಿನ ದಾರಿಯಲ್ಲಿತ್ತು. ನಮ್ಮ ಪಟ್ಟಿಯಲ್ಲೂ ಇತ್ತು.

ಫೋನ್ ಇಟ್ಟ ಮೇಲೆ, ಏನೂ ಸಿಗದೆ ಹೋದ ಹುಡುಕಾಟಗಳ ದಾಖಲೆಯನ್ನು ಮೊದಲ ಸಲ ತೆರೆದೆ. ಅದು ಅಷ್ಟು ದಿನವೂ ಅಲ್ಲೇ ಇತ್ತು, ನಾನು ನೋಡಿರಲಿಲ್ಲ. ಹೆಸರಿರಲಿಲ್ಲ, ಹೊತ್ತು ನೋಡಿ ಹುಡುಕಿದಾಗ ರಾಜಶ್ರೀಯ ಸಾಲು ಸಿಕ್ಕಿತು: ‘ಹಾವ ಕಡದೈತಿ ಅವಷದ’. ಕೆಳಗೆ ಇನ್ನೊಮ್ಮೆ, ಬರೀ ‘ಹಾವ’.

ನಮ್ಮ ಪಟ್ಟಿಯಲ್ಲಿದ್ದದ್ದು ‘ಹಾವು’. ಉದ್ದ ಪದದಲ್ಲಿ ಒಂದಕ್ಷರ ತಪ್ಪಿದರೆ ಆ ಯಂತ್ರ ಮನ್ನಿಸುತ್ತಿತ್ತು. ಚಿಕ್ಕ ಪದವಾದರೆ ಇದ್ದದ್ದು ಇದ್ದ ಹಾಗೇ ಬೇಕು. ಆ ನಿಯಮ ಒಳಗೆ ಕೂತಿತ್ತು, ಬದಲಿಸುವ ದಾರಿ ನಮಗಿರಲಿಲ್ಲ. ಹಾಗೆಂದು ಎಲ್ಲವನ್ನೂ ಕಂಪನಿಯ ಮೇಲೆ ಹಾಕಿ ಕೈತೊಳೆದುಕೊಳ್ಳುವ ಹಾಗೂ ಇರಲಿಲ್ಲ. ‘ಹಾವ’ ಎಂದರೂ ‘ಹಾವು’ ಎಂದೇ ತಿಳಿ ಎಂದು ನಾವು ಮೊದಲೇ ಸೇರಿಸಿಡಬಹುದಿತ್ತು. ಹುಟ್ಟಿದಾಗಿನಿಂದ ‘ಹಾವ’ ಎಂದೇ ಮಾತಾಡಿದ ನಾನು ಪರೀಕ್ಷೆ ಮಾಡುವಾಗ ಮಾತ್ರ ಪುಸ್ತಕದ ಕನ್ನಡ ಬರೆದಿದ್ದೆ. ರಾಜಶ್ರೀಗಿಂತ ಮೊದಲೂ ಸಾಲುಗಳಿದ್ದವು. ‘ಚೇಳ ಕಡದೈತಿ’. ‘ಸಾಪ ಚಾವಲಾ’, ಹಾವು ಕಚ್ಚಿತು ಎಂಬ ಮರಾಠಿ ಮಾತು, ಕನ್ನಡ ಅಕ್ಷರದಲ್ಲಿ. ಎಲ್ಲಕ್ಕೂ ಒಂದೇ ಉತ್ತರ ಹೋಗಿತ್ತು.

ಸತ್ತಿಗೆ ಹೋಗುತ್ತೇನೆ ಎಂದಾಗ ಸಂಸ್ಥೆಯ ಹಿರಿಯರು ಬೇಡವೆಂದರು. "ತಪ್ಪ ಒಪ್ಪಿಕೊಂಡಂಗ ಆಕ್ಕೈತಿ ನೋಡ್ರಿ," ಎಂದರು. ನಾನೂ ಎರಡು ದಿನ ಅದೇ ನೆಪ ಹಿಡಿದು ಕೂತೆ. ಮೂರನೆಯ ದಿನ ಪದ್ಮರಾಜ ಗಾಡಿ ತಂದು ಕೆಳಗೆ ನಿಲ್ಲಿಸಿ, "ನಡಿ ಅಕ್ಕಾ," ಎಂದ. ‘ನಾ ಅವತ್ತ ಹೇಳಿದ್ನಿಲ್ಲೋ’ ಎಂದು ಅವನು ದಾರಿಯಲ್ಲೂ ಅನ್ನಲಿಲ್ಲ, ಇವತ್ತಿನವರೆಗೂ ಅಂದಿಲ್ಲ.

ಮಲಗೌಡರು ಕಟ್ಟೆಯ ಮೇಲೆ ಕೂತಿದ್ದರು. ಮಹಾದೇವಿ ನಮ್ಮ ಗುರುತು ಹೇಳಿದರು. ರಾಜಶ್ರೀ ಒಳಬಾಗಿಲಲ್ಲಿ ಬಂದು ನಿಂತಳು. ಇಪ್ಪತ್ತೆರಡರ ಹುಡುಗಿ. ತವರು ನಿಪ್ಪಾಣಿಯ ಕಡೆ, ಕಲಿತದ್ದು ಮರಾಠಿ ಶಾಲೆಯಲ್ಲಿ.

"ಶಾಣ್ಯಾಕಿ ಅಂತ ಆಕಿ ಕೈಯಾಗ ಮೊಬೈಲ್ ಕೊಟ್ಟಿದ್ವಿ," ಎಂದರು ಮಲಗೌಡರು, ಅವಳ ಕಡೆ ನೋಡದೆ. "ಕನ್ನಡಾ ನೆಟ್ಟಗ ಬರಿಯಾಕ ಬರಲಿಲ್ಲ. ಒಂದ ಜೀವ ಹೋತು."

ಆ ಮಾತು ಆ ಮನೆಯಲ್ಲಿ ಎಷ್ಟು ಸಲ ಆಗಿಹೋಗಿತ್ತೋ.

ಸಮಾಧಾನ ಹೇಳಿ ಎದ್ದು ಬಂದುಬಿಡಬಹುದಿತ್ತು. "ಕಾಕಾರ, ಆಕಿ ಬರದದ್ದ ಸರಿ ಐತ್ರಿ. ನಾವೆಲ್ಲಾ ಮಾತಾಡೂ ಹಂಗ ಬರದಾಳ. ಅದನ್ನ ತಿಳಕೊಳ್ಳೂ ಹಂಗ ನಾವ ಮಾಡಿರಲಿಲ್ರಿ. ಆ ಯಂತ್ರ ಆರಿಸಿದಾಕಿ ನಾನ," ಎಂದೆ. ಏನು ವ್ಯತ್ಯಾಸವಾಯಿತು ಎಂದು ಅವರು ಕೇಳಿದರು. ‘ವ’ಕ್ಕೆ ಕೊಂಬು ಇರಲಿಲ್ಲ ಎಂದು ವಿವರಿಸಿದೆ.

ಅವರು ನನ್ನ ಕಡೆ ತಿರುಗಿದರು. "ಒಂದ ಕೊಂಬಿನ ಸಲುವಾಗಿ ನನ್ನ ಹೇಣ್ತಿ ಹೋದ್ಲೇನ್ರಿ?"

ಬೇರಿನ ಔಷಧಕ್ಕೆ ಒಯ್ದವರು ಅವರೇ ಎಂಬುದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ನಾನು ಅದನ್ನು ಎತ್ತಲಿಲ್ಲ. ಅವರು ಎದ್ದು ಒಳಗೆ ಹೋದರು, ಮತ್ತೆ ಹೊರಗೆ ಬರಲಿಲ್ಲ.

ಗಾಡಿ ಹತ್ತುವಾಗ ರಾಜಶ್ರೀ ಹಿಂದಿನಿಂದ ಬಂದಳು. ಸೆರಗಿನ ತುದಿ ಬಾಯಿಗೆ ಒತ್ತಿಕೊಂಡಿದ್ದಳು.

"ಅಕ್ಕಾರ, ನಾ ಬರದದ್ದ ಖರೇನ ಸರಿ ಇತ್ತೇನ್ರಿ? ಇಲ್ಲಾ, ಮಾಮಾರ ಮುಂದ ನನ್ನ ಉಳಸಾಕ ಹಂಗ ಅಂದ್ರಿ?"

"ಖರೇನ ಸರಿ ಇತ್ತವ್ವಾ," ಎಂದೆ.

ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಒಳಗಿಂದ ಯಾರೋ ಕರೆದರು, ಹೋದಳು.

ಆಮೇಲೆ ನಾವು ಓಪನ್ ಸೋರ್ಸ್ ಯಂತ್ರಕ್ಕೆ ಬದಲಾದೆವು. ಅದೇನೂ ಕನ್ನಡ ಕಲಿತುಕೊಂಡು ಬಂದಿರಲಿಲ್ಲ. ಪದ ಹೇಗೆ ಬಿಡಿಸಬೇಕು, ಕೊನೆಯ ಸ್ವರ ಬಿಟ್ಟುಹೋದರೆ ಏನೆಂದು ತಿಳಿಯಬೇಕು, ಎಲ್ಲವನ್ನೂ ನಾವೇ ಕಲಿಸಬೇಕಾಯಿತು. ಪದ್ಮರಾಜ ಆ ಚಳಿಗಾಲವೆಲ್ಲ ಅದರಲ್ಲೇ ಮುಳುಗಿದ್ದ. ಎರಡು ಸಲ ಅದು ಬಂದ್ ಬಿದ್ದದ್ದೂ ಉಂಟು, ನಾನು ಹೆದರಿದ ಹಾಗೆಯೇ. ಮಹಾದೇವಿ ಊರೂರಿನ ಹೆಣ್ಣುಮಕ್ಕಳನ್ನು ಕೂಡಿಸಿ, ‘ನಿಮ್ಮ ಬಾಯಾಗ ಬಂದಂಗ ಬರೀರಿ’ ಎಂದು ಬರೆಸಿ ಕಳಿಸಿದರು. ಸತ್ತಿಯಿಂದ ಬಂದ ಹಾಳೆಗಳಲ್ಲಿ ರಾಜಶ್ರೀಯ ಹಾಳೆ ಇರಲಿಲ್ಲ. ಅವಳು ಈಗ ಮೊಬೈಲ್ ಮುಟ್ಟುವುದಿಲ್ಲವಂತೆ.

ಏನೂ ಸಿಗದೆ ಹೋದ ಹುಡುಕಾಟಗಳನ್ನು ಈಗ ದಿನಾ ಬೆಳಿಗ್ಗೆ ನಾನೇ ಓದುತ್ತೇನೆ. ಮೊದಲಿನಷ್ಟು ಇರುವುದಿಲ್ಲ, ಆದರೆ ಒಂದೂ ಇಲ್ಲದ ದಿನವೂ ಇಲ್ಲ. ಕಳೆದ ವಾರ ಒಂದು ಸಾಲಿತ್ತು: ‘ಅಪ್ಪಾಗ ದಮ್ಮ ಹತ್ತೈತಿ’. ನಮ್ಮಲ್ಲಿ ‘ಉಸಿರಾಟದ ತೊಂದರೆ’ ಇತ್ತು, ‘ದಮ್ಮ’ ಇರಲಿಲ್ಲ. ಬರೆದವರು ಯಾರೋ, ಯಾವ ಊರೋ, ಆ ಅಪ್ಪನ ಗತಿ ಏನಾಯಿತೋ, ತಿಳಿಯುವ ದಾರಿಯಿಲ್ಲ. ಜನರ ಹೆಸರು ನಾವು ಇಟ್ಟುಕೊಳ್ಳುವುದಿಲ್ಲ. ಆ ಪದ ಸೇರಿಸಿ, ಅದೇ ಸಾಲನ್ನು ನಾನೇ ಒಮ್ಮೆ ಬರೆದು ನೋಡಿದೆ. ಹತ್ತಿರದ ದವಾಖಾನೆಯ ಹೆಸರು ಕೂಡಲೇ ಬಂತು.